ಲಾಭ, ಎರಡು, ಮೂರು

ಟೀಚರಮ್ಮ ಮೇಜಿನ ಮೇಲೆ ಹರಡಿದ್ದು ಮಣಿಗಳನ್ನೋ ಹುಣಸೆಬೀಜಗಳನ್ನೋ ಎಂದು ಕೇಳಿದರೆ ನಾನು ಪ್ರಮಾಣ ಮಾಡಿ ಹೇಳಲಾರೆ. ನನ್ನ ನೆನಪು ತನಗೆ ಬೇಕಾದ್ದನ್ನು ತಾನೇ ಸೇರಿಸಿಕೊಳ್ಳುತ್ತದೆ. ದಿನಚರಿಯಲ್ಲಿ ನಾನು ಹೋಗದ ಮದುವೆಯ ಊಟವನ್ನೂ ಹೊಗಳಿದ್ದೇನೆ. ಆದರೆ ಯುಕೆಜಿಯಲ್ಲಿದ್ದ ನನ್ನ ಮಗಳು ಸಿರಿ ಅವನ್ನು ಸರಿಸುತ್ತ "ಲಾಭ, ಎರಡು, ಮೂರು" ಎಂದದ್ದಂತೂ ನಿಜ. ಕೊನೆಗೆ ಲೆಕ್ಕ ಸರಿಯಾಗಿಯೇ ಬಂತು.

"ಒಂದೇ ಬರಲ್ವಲ್ರೀ ಇವ್ಳಿಗೆ! ಇನ್ನೊಂದು ವರ್ಷ ಯುಕೆಜಿನಲ್ಲೇ ಇರ್ಲಿ ಬಿಡ್ರಿ" ಎಂದರು ಟೀಚರಮ್ಮ.

ಬಾಗೂರಿನ ಹೊಲದಿಂದ ಬಂದ ರಾಗಿಯನ್ನು ಹೊಸದುರ್ಗದ ನಮ್ಮ ಮನೆಯಲ್ಲಿ ಅಳೆಯುವಾಗ ನನ್ನ ಅತ್ತೆ ಮೊದಲ ಸೇರಿಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಅವರೆದುರು ಕೂತೇ ಸಿರಿ ಎಣಿಕೆ ಕಲಿತಿದ್ದು. ನಾನೋ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಎಲ್ಲ ಕಳೆದ ಮೇಲೆ ಉಳಿದರೆ ಲಾಭ ಎಂದು ಓದಿದವಳು. ಮೊದಲಿಗೇ ಬರುವ ಲಾಭವನ್ನು ಟೀಚರಮ್ಮನಿಗೆ ವಿವರಿಸಲಾಗದೆ ತಲೆಯಾಡಿಸಿ ಬಂದೆ.

"ಅತ್ತೆ, ಅವಳ ಮುಂದೆ ಒಂದು ಅಂತಲೇ ಹೇಳಿ" ಎಂದೆ.

"ಮೊದ್ಲಿಗೇ ಒಂದು ಅಂದ್ರೆ ರಾಶಿ ಒಂದಕ್ಕೇ ನಿಲ್ತೈತೆ ಕಣವ್ವ. ನಿಮ್ ಮೇಡಮ್ಮು ಮುದ್ದೆ ಉಣ್ಣಲ್ವೇನು?"

"ಮಗು ಹಿಂದೆ ಬೀಳುತ್ತೆ ಅತ್ತೆ."

ಅವರ ನಗು ನಿಂತಿತು. "ಹಂಗಾದ್ರೆ ಬಾಯೇ ಬಿಡಲ್ಲ ಬಿಡು."

ಆಮೇಲೆ ನಾನೇ ಕಲಿಸಿದೆ. ಸಿರಿ ಒನ್‌ನಿಂದ ಹಂಡ್ರೆಡ್‌ವರೆಗೆ ಉಸಿರು ಬಿಡದೆ ಒಪ್ಪಿಸಿ ಒಂದನೇ ಕ್ಲಾಸು ಸೇರಿದಳು. ನಾನು ಬೀದಿಗೆಲ್ಲ ಪೇಡ ಹಂಚಿದೆ. ಮೊನ್ನೆ, "ಐದು ಮೆಣಸಿನಕಾಯಿ ತಾರೇ" ಎಂದರೆ ಇಂಗ್ಲಿಷಿನಲ್ಲಿ ನೂರು ಮುಟ್ಟಿಸುತ್ತ ಬಂದು ಒಂದು ಹಿಡಿ ಸುರಿದಳು. ಎಣಿಸು ಎಂದೆ. ಮೊದಲನೆಯದರ ಮೇಲೆ ಬೆರಳಿಟ್ಟವಳು ಅಲ್ಲೇ ಉಳಿದಳು.

"ಯಾಕೆ ಪುಟ್ಟಿ?"

"ಲಾಭ ಅಂದ್ರೆ ಮಿಸ್ ಬೈತಾರೆ. ಒಂದು ಅಂದ್ರೆ ಅಜ್ಜಿ ರಾಗಿ ನಿಂತೋಗ್ತೈತೆ."

ಹಿಡಿಯಷ್ಟನ್ನೂ ಸಾರಿಗೆ ಹಾಕಿದೆ. ಎಲ್ಲರ ಕಣ್ಣಲ್ಲೂ ನೀರು ಬಂದದ್ದರಿಂದ ನನ್ನದು ಯಾರಿಗೂ ಬೇರೆಯಾಗಿ ಕಾಣಲಿಲ್ಲ.

ನಿನ್ನೆ ಅತ್ತೆ ನಡುಮನೆಯಲ್ಲಿ ಬಾಯಿ ಮುಚ್ಚಿಕೊಂಡು ರಾಗಿ ಅಳೆಯುತ್ತಿದ್ದರು. ಸಿರಿ ಅವರ ಎದುರಿಗೆ ಇರಲಿಲ್ಲ; ಕೋಣೆಯಲ್ಲಿ ಒಬ್ಬಳೇ ಮಗ್ಗಿ ಕೂಗುತ್ತಿದ್ದಳು.

"ಅತ್ತೆ, ಅವಳನ್ನ ಮತ್ತೆ ಹತ್ರ ಕೂರಿಸ್ಕೊಂಡು ಎಣಿಸೋದು ಕಲಿಸ್ತೀರಾ? ನಿಮ್ಮ ರೀತೀಲೇ ಆಗ್ಲಿ" ಎಂದೆ.

ಅವರು ತಲೆಯೆತ್ತಲಿಲ್ಲ. ಮಾತಾಡಿದರೆ ಲೆಕ್ಕ ತಪ್ಪೀತೆಂದು ಸುಮ್ಮನಿದ್ದಾರೆ ಎಂದುಕೊಂಡು, ತಿಳಿದವಳಂತೆ ರಾಗಿ ಮುಗಿಯುವವರೆಗೂ ಕಾದೆ. ಮುಗಿಯಿತು. ಅತ್ತೆ ಸೇರನ್ನು ಬೋರಲು ಹಾಕಿ, ಸೆರಗು ಕೊಡವಿಕೊಂಡು ಎದ್ದು ಹೋದರು.