ಕೋಸಿನ ವಿಮಾನದಲ್ಲಿ ಬಂದ ಮಗ

ಲಾವೋಸ್ ದೇಶದ ಫೂ ಸಾಂಗ್ ಬೆಟ್ಟದ ಮೇಲೆ ವಿಮಾನ ನಿಲ್ದಾಣ ಇರಲಿಲ್ಲ. ಇಲ್ಲದ ಆ ನಿಲ್ದಾಣದಲ್ಲಿ ಹಗಲಿಡೀ ವಿಮಾನಗಳು ಇಳಿದು ಏಳುತ್ತಿದ್ದವು. ದೇಶದಲ್ಲಿ ಯುದ್ಧವೂ ಇರಲಿಲ್ಲ. ದೊಡ್ಡ ದೊಡ್ಡ ರಾಷ್ಟ್ರಗಳು ಒಂದೇ ಮೇಜಿನ ಸುತ್ತ ಕೂತು, ಇಲ್ಲಿ ಯಾರೂ ಯುದ್ಧ ಮಾಡತಕ್ಕದ್ದಲ್ಲ ಎಂದು ಸಹಿ ಹಾಕಿದ್ದವು. ಹಾಗೆ ಮಾತು ಕೊಟ್ಟ ಮೇಲೆ ಯುದ್ಧವನ್ನು ಗುಟ್ಟಾಗಿ ಮಾಡುವುದೇ ಮರ್ಯಾದಸ್ತರ ಲಕ್ಷಣ.

ವಿಮಾನಗಳು ಗಡಿಯ ಬೆಟ್ಟಗಳಿಗೆ ಅಕ್ಕಿ, ಮದ್ದುಗುಂಡು ಒಯ್ಯುತ್ತಿದ್ದವು. ಬರುವಾಗ ದಾರಿಯ ಹಳ್ಳಿಗಳಿಂದ ಕೋಸು ತುಂಬಿಕೊಂಡು ಬರುತ್ತಿದ್ದವು. ಕಾಗದಪತ್ರಗಳಲ್ಲಿ ಕೋಸು ಎಂದರೆ ಅಫೀಮು. ಇಲ್ಲದ ಯುದ್ಧಕ್ಕೆ ಯಾವ ಸರ್ಕಾರವೂ ಸಂಬಳ ಕೊಡಲಾರದಾದ್ದರಿಂದ ಮೇಜರ್ ವಾ ಚೂ ತನ್ನ ಸೈನ್ಯವನ್ನು ಕೋಸಿನಿಂದಲೇ ಸಾಕುತ್ತಿದ್ದ. ಆ ಕೋಸು ಪೇಟೆಯಲ್ಲಿ ಬಿಳಿ ಪುಡಿಯಾಗಿ, ಪಕ್ಕದ ದೇಶದಲ್ಲಿ ಕಾದಾಡುತ್ತಿದ್ದ ಅಮೆರಿಕದ ಹುಡುಗರ ಮೂಗು ಸೇರುತ್ತಿತ್ತು. ವಿಮಾನವೂ ಅಮೆರಿಕದ್ದೇ. ಮಿತ್ರರ ಋಣ ಮಿತ್ರರಿಗೇ ಸಂದಾಯವಾಗುತ್ತಿತ್ತು ಎನ್ನಬಹುದು.

ಇದನ್ನೆಲ್ಲ ನೋಡಿಕೊಳ್ಳಲು ಹಾರ್ಲನ್ ಎಂಬ ಅಮೆರಿಕದ ಕೃಷಿ ಸಲಹೆಗಾರನಿದ್ದ. ಅವನ ಸೊಂಟದ ಎರಡೂ ಪಕ್ಕದಲ್ಲಿ ಪಿಸ್ತೂಲುಗಳು ಇರುತ್ತಿದ್ದವು. ಕೃಷಿಯಲ್ಲಿ ಕೀಟಗಳ ಕಾಟ ಹೆಚ್ಚು.

ಯೂವ ಎಂಬ ವಿಧವೆ ಅಫೀಮಿನ ಹಾಲಿಗೆ ಗಸಗಸೆ ಕಾಯಿ ಗೀರುತ್ತಿದ್ದಾಗ, ಅವಳ ಹಿರಿಯ ಮಗ ನ್ಯಾ ತೂ ಗಡಿ ಬೆಟ್ಟದಲ್ಲಿ ಸತ್ತನೆಂಬ ಸುದ್ದಿ ಬಂತು. ಜೊತೆಗಾರರು ಅವನನ್ನು ಪ್ಯಾರಾಚೂಟ್ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರಂತೆ. ಯೂವ ಕಾಯಿ ಗೀರುವ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ನಿಲ್ದಾಣಕ್ಕೆ ಇಳಿದಳು. ಮಗ ಹುಟ್ಟಿದಾಗಿನ ಮಾಸನ್ನು ಅವಳು ಮನೆಯ ನಡುಗಂಬದ ಬುಡದಲ್ಲಿ ಹೂಳಿದ್ದಳು. ಬೆಟ್ಟದ ಹ್ಮಾಂಗ್ ಜನರಿಗೆ ಮಾಸೇ ಮನುಷ್ಯನ ಮೊದಲ ಅಂಗಿ. ಸತ್ತವನು ಅಲ್ಲಿಗೆ ಬಂದು, ಆ ಅಂಗಿ ತೊಟ್ಟುಕೊಂಡೇ ಸತ್ತ ಹಿರಿಯರ ಬಳಿ ಹೋಗಬೇಕು. ಇಲ್ಲದಿದ್ದರೆ ಬೆತ್ತಲೆ ಅಲೆಯುತ್ತಾನೆ.

ಕಚೇರಿಯ ಗುಮಾಸ್ತ ಸೈ, ಅವಳ ಅಣ್ಣನ ಮಗ. ಅವನು ಗೋಡೆ ತೋರಿಸಿದ. ಅಲ್ಲಿ ಹೀಗಿತ್ತು: "ಸಾರ್ವಜನಿಕರ ಅವಗಾಹನೆಗೆ ತರುವುದೇನೆಂದರೆ, ಇಲ್ಲಿ ಇಲ್ಲದಿರುವ ವಿಮಾನಗಳಲ್ಲಿ ಶವಸಾಗಣೆಯನ್ನು ನಿಷೇಧಿಸಲಾಗಿದೆ. ಕೋಸಿಗೆ ಯಾವ ನಿರ್ಬಂಧವೂ ಅನ್ವಯಿಸತಕ್ಕದ್ದಲ್ಲ."

"ನಂಗೆ ಓದೋಕೆ ಬರಲ್ಲ ಅಂತ ಗೊತ್ತಿದ್ದೂ ತೋರಿಸ್ತೀಯಲ್ಲೋ," ಎಂದಳು ಯೂವ.

"ಬಾಯಲ್ಲಿ ಹೇಳೋಕೆ ನಾಚಿಕೆ ಆಗುತ್ತೆ ಅತ್ತೆ."

ಮೇಜರ್ ಬಂದು ಬಹಳ ವಿನಯದಿಂದ ವಿವರಿಸಿದ. "ಯುದ್ಧ ಇಲ್ಲಮ್ಮ. ಯುದ್ಧ ಇಲ್ಲದಾಗ ಅದ್ರಲ್ಲಿ ಸಾಯೋದಕ್ಕೆ ಯಾರಿಗೂ ಅನುಮತಿ ಇರಲ್ಲ."

"ಹಾಗಾದ್ರೆ ನನ್ನ ಮಗ ಬದುಕಿದಾನಾ?"

"ಅದಕ್ಕೂ ಆದೇಶ ಬಂದಿಲ್ಲ. ಅಲ್ಲದೆ ಬರೋ ವಿಮಾನದಲ್ಲಿ ಜಾಗ ಎಲ್ಲಿದೆ? ಕೋಸಿನ ಕಾಲ ನೋಡಿ."

ಯೂವ ಮನೆಗೆ ಹೋದಳು. ಆ ವರ್ಷದ ಅಫೀಮನ್ನೆಲ್ಲ ಬಾಳೆ ಎಲೆಯಲ್ಲಿ ಸುತ್ತಿ, ಮಂಚದ ಕೆಳಗೆ ಇಟ್ಟು, ಅದರ ಮೇಲೆ ಮಲಗಿದಳು. ಕೊಳ್ಳಲು ಬಂದವನಿಗೆ, "ಜಾಗ ಇಲ್ಲವಂತಲ್ಲ, ಇನ್ನೆಲ್ಲಿ ತುಂಬ್ತೀಯ?" ಎಂದಳು. ಪಕ್ಕದ ಮನೆಯವಳ ಗಂಡನೂ ಗಡಿಯಲ್ಲಿ ಸತ್ತಿದ್ದ, ಆಚೆಯವಳ ತಮ್ಮನೂ. ಅವರೂ ತಮ್ಮ ತಮ್ಮ ಮಂಚಗಳ ಮೇಲೆ ಮಲಗಿದರು. ಹ್ಮಾಂಗ್ ಹೆಂಗಸಿಗೆ ತವರು ಒಂದು ಬೆಟ್ಟ, ಗಂಡನ ಮನೆ ಇನ್ನೊಂದು ಬೆಟ್ಟ. ಹಾಗಾಗಿ ಸುದ್ದಿ ವಿಮಾನಕ್ಕಿಂತ ಬೇಗ ಹೋಯಿತು. ವಿಮಾನಗಳು ಬರಿ ಹೊಟ್ಟೆಯಲ್ಲಿ ಹಿಂದಿರುಗತೊಡಗಿದವು.

ಸಂಬಳವಿಲ್ಲದ ಸೈನಿಕರು, ಯುದ್ಧ ಇಲ್ಲವೆಂಬ ಸರ್ಕಾರದ ಮಾತನ್ನು ಮೊದಲ ಬಾರಿಗೆ ನಂಬಿ, ಕೋವಿ ಕೆಳಗಿಟ್ಟು ಕೂತರು. ಹಾರ್ಲನ್‌ಗೆ ಗಾಬರಿಯಾಯಿತು. ಅವನು ಮೇಜರನನ್ನೂ ಸೈಯನ್ನೂ ಕರೆದುಕೊಂಡು ಯೂವಳ ಮನೆಗೆ ಬಂದ. ಅವಳು ಮಂಚದಿಂದ ಏಳಲಿಲ್ಲ.

"ಈಗ ವಿಮಾನ ಖಾಲಿ ಬರ್ತಿದೆಯಂತೆ," ಎಂದಳು. "ನನ್ನ ಮಗನಿಗೆ ಜಾಗ ಆಯ್ತಲ್ಲ."

"ಜಾಗ ಆಯ್ತಮ್ಮ, ನಿಯಮ ಆಗಲ್ಲ," ಎಂದ ಮೇಜರ್. "ಆ ವಿಮಾನದಲ್ಲಿ ಕೋಸು ಬಿಟ್ಟು ಬೇರೇನೂ ತರೋ ಹಾಗಿಲ್ಲ."

"ಹಾಗಾದ್ರೆ ಅವನನ್ನೇ ಕೋಸು ಅಂತ ಬರ್ಕೊ. ಅಫೀಮನ್ನ ಕೋಸು ಅಂದವನಿಗೆ ನನ್ನ ಮಗ ಭಾರವಾದ್ನಾ?"

ಸೈ ಅದನ್ನು ಅನುವಾದಿಸಿದ. ಹಾರ್ಲನ್, ಇದರಲ್ಲಿ ತಾಂತ್ರಿಕ ತೊಡಕೇನೂ ಕಾಣುವುದಿಲ್ಲ ಎಂದ.

ನ್ಯಾ ತೂ ಬಂದ ದಿನವೇ ಅಮೆರಿಕದಿಂದ ಒಬ್ಬ ಪರಿವೀಕ್ಷಕನೂ ಬಂದಿಳಿದಿದ್ದ. ವಿಮಾನಗಳಲ್ಲಿ ಅಫೀಮು ಹೋಗುತ್ತಿದೆಯೆಂಬ ಗಾಳಿಮಾತಿನ ಬಗ್ಗೆ ವಿಚಾರಣೆ ನಡೆಸಲು ಬಂದ ಒಳ್ಳೆಯ ಮನುಷ್ಯ. ಬಿಳಿ ಬಟ್ಟೆ ಸುತ್ತಿದ ಉದ್ದನೆಯ ಗಂಟನ್ನು ನಾಲ್ವರು ಇಳಿಸುತ್ತಿದ್ದಾಗ ಅವನು ಅಲ್ಲೇ ನಿಂತಿದ್ದ.

"ಇದೇನು?"

"ಕೋಸು," ಎಂದ ಹಾರ್ಲನ್.

"ಆ ಹೆಂಗಸು ಅದನ್ನು ತಬ್ಬಿಕೊಂಡು ಅಳುತ್ತಿದ್ದಾಳಲ್ಲ."

"ಇಲ್ಲಿನವರಿಗೆ ಬೆಳೆಯೆಂದರೆ ಪ್ರಾಣ."

ಪರಿವೀಕ್ಷಕನ ಕಣ್ಣು ತುಂಬಿತು. ಅವನು ಟೋಪಿ ತೆಗೆದು, ಗಂಟಿನ ಹಿಂದೆ ಯೂವಳ ಮನೆಯವರೆಗೂ ನಡೆದ. ಅಲ್ಲಿ ಡೋಲು ಬಡಿದರು, ಬಿದಿರಿನ ವಾದ್ಯ ಊದಿದರು, ಎಮ್ಮೆ ಕಡಿದರು. ಹಿರಿಯನೊಬ್ಬ ನ್ಯಾ ತೂಗೆ ಅವನು ಬದುಕಿದ್ದ ಊರುಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ದಾಟಿಸಿ, ನಡುಗಂಬದವರೆಗೆ ದಾರಿ ಹೇಳಿದ. ಪರಿವೀಕ್ಷಕ ಇಷ್ಟು ಭಕ್ತಿಯ ಸುಗ್ಗಿಹಬ್ಬವನ್ನು ತಾನು ಎಲ್ಲೂ ನೋಡಿಲ್ಲವೆಂದು ಎರಡು ಸಲ ಊಟ ಮಾಡಿದ. ಅಫೀಮಿನ ಮಾತು ಶುದ್ಧ ಸುಳ್ಳು, ಕೋಸು ಸಾಗಿಸಲು ವಿಮಾನಗಳು ಸಾಲವು ಎಂದು ಅವನು ಅಲ್ಲೇ ತೀರ್ಮಾನಿಸಿದ. ಮೇಜರ್ ಅದೇ ಸಂತೋಷದಲ್ಲಿ, ಇನ್ನು ಮುಂದೆ ಮನೆಗೊಂದು ಉದ್ದ ಕೋಸನ್ನು ತರಿಸಿಕೊಳ್ಳಬಹುದೆಂದು ಡಂಗುರ ಸಾರಿಸಿದ. ಪಕ್ಕದ ಮನೆಯವಳೂ ಆಚೆಯವಳೂ ಮಂಚದ ಕೆಳಗಿನ ಗಂಟುಗಳನ್ನು ಎಳೆದು ಕೊಟ್ಟರು. ಯೂವಳೂ ಕೊಟ್ಟಳು. ಸೈನಿಕರು ಕೋವಿ ಎತ್ತಿಕೊಂಡರು.

ಹೊರಡುವ ಮುನ್ನ ಪರಿವೀಕ್ಷಕ ಯೂವಳ ಎರಡೂ ಕೈ ಹಿಡಿದು, ಅವಳ ಮನೆಯಲ್ಲಿ ಇಂಥ ಬೆಳೆ ಇನ್ನೂ ಇದೆಯೇ ಎಂದು ಕೇಳಿದ. ಸೈ ಅದನ್ನು ತಲೆ ಎತ್ತದೆ ಅವಳಿಗೆ ಹೇಳಿದ.

ಯೂವ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ ಕಿರಿಯ ಮಗನ ಕಡೆ ನೋಡಿದಳು.

"ಇನ್ನೊಂದಿದೆ, ಎಳೇದು ಅಂತ ಹೇಳು."

ಸೈ ಹೇಳಿದ.

"ಎಳೆಯದೇ ರುಚಿ," ಎಂದ ಪರಿವೀಕ್ಷಕ ಪ್ರೀತಿಯಿಂದ. ಮೇಜರ್ ಹೌದೆಂದು ತಲೆದೂಗಿದ. ಸೈ ಅದನ್ನೂ ಅನುವಾದಿಸಬೇಕಿತ್ತು, ಮಾಡಲಿಲ್ಲ. ಅಷ್ಟರಲ್ಲಿ ವಿಮಾನದ ಸದ್ದು ಶುರುವಾಗಿದ್ದರಿಂದ ಯಾರೂ ಅವನದು ತಪ್ಪೆನ್ನಲಿಲ್ಲ.