ಚಿಕ್ಕಪ್ಪನ ಮನೆಯ ಸರ್ವಸದಸ್ಯರ ಸಭೆ

ನನ್ನ ಚಿಕ್ಕಪ್ಪನಿಗೆ ತಲೆ ಸರಿಯಿಲ್ಲ ಎಂದು ನಾನಂತೂ ಹೇಳುವುದಿಲ್ಲ. ಹಾಗೆಂದು ಇನ್ನೂ ಠರಾವು ಆಗಿಲ್ಲವಲ್ಲ! ಠರಾವು ಆಗದ ಮಾತನ್ನು ಆಡಬಾರದೆಂದು ನನಗೆ ಕಲಿಸಿದವರೇ ಅವರು.

ಹೊಸನಗರದ ಕಡೆಯ ನಮ್ಮೂರಿನ ಕೃಷಿ ಸಹಕಾರ ಸಂಘಕ್ಕೆ, ಅಂದರೆ ನಮ್ಮೆಲ್ಲರ ಬಾಯಲ್ಲಿ 'ಸೊಸೈಟಿ'ಗೆ, ಅವರು ಬಹಳ ವರ್ಷ ನಿರ್ದೇಶಕರಾಗಿದ್ದರು. ಗೊಬ್ಬರ, ಸಕ್ಕರೆ, ಸೀಮೆಎಣ್ಣೆ, ಮದುವೆಯ ಸೀರೆ ಎಲ್ಲವೂ ಸೊಸೈಟಿಯಿಂದಲೇ ಬರುತ್ತಿದ್ದ ಕಾಲ ಅದು. ಊರಿಗೆ ಊರೇ ಒಂದೇ ನಮೂನೆಯ ಸೊಸೈಟಿ ಛತ್ರಿ ಹಿಡಿದು ಓಡಾಡುತ್ತಿತ್ತು. ಎದುರು ಬರುತ್ತಿರುವುದು ಮೇಷ್ಟರೋ ನಮ್ಮ ಅಪ್ಪನೋ ಎಂದು ಛತ್ರಿ ಎತ್ತಿ ನೋಡಿಯೇ ಖಾತ್ರಿ ಮಾಡಿಕೊಳ್ಳಬೇಕು!

ಇಂಥ ಚಿಕ್ಕಪ್ಪ ಕೊನೆಯ ಚುನಾವಣೆಯಲ್ಲಿ ಒಂದೇ ಒಂದು ವೋಟಿನಿಂದ ಸೋತರು. ಆ ಒಂದು ವೋಟು ಯಾರದ್ದು ಗೊತ್ತೇ? ಅವರದ್ದೇ! ಎದುರಾಳಿಗೆ ಹಾಕಿ ಬಂದಿದ್ದರು.

"ಅವನಿಗ್ಯಾಕೆ ಹಾಕ್ದೆ ಮಾರಾಯ?" ಎಂದು ನನ್ನ ಅಪ್ಪ ಹಣೆ ಚಚ್ಚಿಕೊಂಡರು.

"ಅವ್ನು ಮನೆವರೆಗೂ ಬಂದು ಕೇಳಿದ್ದ ಅಣ್ಣ. ನಾನು ನನ್ ಹತ್ರ ಕೇಳಿರ್ಲಿಲ್ವಲ್ಲ!"

ಅಲ್ಲಿಗೆ ಸೊಸೈಟಿಯ ಸಭೆಗಳು ತಪ್ಪಿದವು. ಸಭೆಯಿಲ್ಲದೆ ಬದುಕುವುದುಂಟೇ? ಮನೆಯಲ್ಲೇ ಶುರುವಾಯಿತು.

"ಮಧ್ಯಾಹ್ನಕ್ಕೆ ಎಂತ ಸಾರು ಮಾಡ್ಲಿ?" ಎಂದು ಚಿಕ್ಕಮ್ಮ ಕೇಳಿದರೆ, "ಹಂಗೆ ದಿಢೀರಂತ ಹೇಳಕ್ಕಾಗುತ್ತಾ? ಕೋರಂ ಬೇಡ್ವಾ?" ಎನ್ನುವರು. ಕೋರಂಗೆ ಕನಿಷ್ಠ ಮೂರು ಜನ. ಮನೆಯಲ್ಲಿದ್ದದ್ದು ಇಬ್ಬರೇ. ಚಿಕ್ಕಮ್ಮ ಸಾಮಾನ್ಯರಲ್ಲ. ಒಂದು ದಿನ, "ಸರಿ, ಕೋರಂ ಇಲ್ಲ. ಸಭೆ ಮುಂದೂಡಿದೆ, ಊಟನೂ ಮುಂದೂಡಿದೆ" ಎಂದು ಒಲೆ ಆರಿಸಿ ಚಾಪೆ ಹಾಸಿಕೊಂಡುಬಿಟ್ಟರು. ಚಿಕ್ಕಪ್ಪ ರಸ್ತೆಗೆ ಓಡಿ, ಹಾರನ್ ಹೊಡೆಯುತ್ತ ಹೋಗುತ್ತಿದ್ದ ಮೀನಿನವನ ಬೈಕನ್ನೇ ಅಡ್ಡಹಾಕಿ, ಅವನನ್ನು ಮೂರನೇ ಸದಸ್ಯನಾಗಿ ಕರೆತಂದರು. ಬೇಳೆಸಾರು ಬಿದ್ದುಹೋಯಿತು, ಬಂಗುಡೆ ಸಾರು ಎರಡು-ಒಂದರಿಂದ ಪಾಸಾಯಿತು. ಮೀನಿನವನ ವೋಟು ಯಾವ ಕಡೆಗೆಂದು ಬಿಡಿಸಿ ಹೇಳಬೇಕೇ?

ನನ್ನನ್ನು ನೋಡಲು ಸಾಗರದಿಂದ ಹುಡುಗನ ಕಡೆಯವರು ಬಂದ ದಿನವಂತೂ ಮರೆಯುವಂತಿಲ್ಲ. ಹುಡುಗನ ತಂದೆ "ನಮ್ಗೆ ಒಪ್ಗೆ" ಎಂದರು. ಚಿಕ್ಕಪ್ಪ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ಸೂಚಕರು ಹುಡುಗನ ತಂದೆ. ಅನುಮೋದಕರು ಯಾರು?" ಬಂದವರು ಮುಖ ಮುಖ ನೋಡಿಕೊಂಡರು. ಕೊನೆಗೆ ಹುಡುಗನೇ ನಾಚುತ್ತ ಕೈ ಎತ್ತಬೇಕೇ! ಎಲ್ಲರೂ ನಕ್ಕು ಕೇಸರಿಬಾತಿಗೆ ಕೈಹಾಕಿದಾಗ ಚಿಕ್ಕಪ್ಪ, "ತಡೀರಿ, ಹುಡುಗಿ ವೋಟು ಆಗಿಲ್ಲ" ಎಂದು ಸೀದಾ ಅಡಿಗೆಮನೆಗೆ ಬಂದರು.

"ನೀ ಬೇಡ ಅಂದ್ರೆ ಠರಾವು ಬಿದ್ದೋಯ್ತು. ಹೆದರ್ಬೇಡ ಮಾರಾಯ್ತಿ, ಹೇಳು."

ಆ ದಿನ ನನ್ನನ್ನು ಕೇಳಿದವರು ಅವರೊಬ್ಬರೇ. ನಾನು ಹೂಂ ಅಂದೆ. ಈಗ ನನ್ನ ಗಂಡ ಆಗಾಗ ತಿದ್ದುಪಡಿಗೆ ಅವಕಾಶ ಉಂಟೇ ಎಂದು ವಿಚಾರಿಸುತ್ತಿರುತ್ತಾರೆ, ಅದು ಬೇರೆ ವಿಷಯ.

ಒಮ್ಮೆ ಕೇಳಿಯೇಬಿಟ್ಟೆ: "ಎಲ್ಲದಕ್ಕೂ ಯಾಕೆ ಚಿಕ್ಕಪ್ಪ ಈ ಸಭೆ?"

"ನಮ್ಮಪ್ಪ ಅಡಿಕೆ ಮಂಡಿ ಸಾಹುಕಾರ್ರ ಜಗಲಿ ಕೆಳಗೆ ನಿಂತೇ ಮಾತಾಡಿದವ್ರು. ಸೊಸೈಟೀಲಿ ಮೊದಲ್ನೇ ಸಲ ಕುರ್ಚಿ ಕೊಟ್ಟು, 'ನಿಮ್ಮ ಅಭಿಪ್ರಾಯ ಎಂತ?' ಅಂತ ಕೇಳಿದ್ರಂತೆ. ಅವತ್ತು ಮನೆಗೆ ಬಂದವ್ರೇ ಅವ್ವನ್ನ ಕೂರ್ಸಿ, 'ನಿನ್ನ ಅಭಿಪ್ರಾಯ ಎಂತ?' ಅಂತ ಕೇಳಿದ್ರು. ಅವ್ವಂಗೆ ಎಂತ ಹೇಳ್ಬೇಕು ಅಂತ್ಲೇ ಗೊತ್ತಾಗ್ಲಿಲ್ಲ. ಅತ್ತೇಬಿಟ್ಳು."

ಹೋದ ವರ್ಷ ಚಿಕ್ಕಮ್ಮನ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ತೀರ್ಥಹಳ್ಳಿಯ ಆಸ್ಪತ್ರೆಗೆ ಸೇರಿಸಿದೆವು. ಆಪರೇಷನ್ನಿಗೆ ಮೊದಲು ನರ್ಸ್ ಒಂದು ಕಾಗದ ತಂದು ಚಿಕ್ಕಪ್ಪನ ಮುಂದೆ ಹಿಡಿದರು.

"ಒಬ್ರದ್ದೇ ಸಹಿ ಸಾಕಾ ಸಿಸ್ಟರ್?"

"ಸಾಕು. ನೀವು ಗಂಡ ಅಲ್ವಾ?"

ತಮಾಷೆ ಶುರುವಾಯಿತೆಂದು ನನಗೆ ನಗು ಬಂತು. ತಿರುಗಿ ನೋಡಿದರೆ ಅವರು ಪೆನ್ನಿನ ಮುಚ್ಚಳವನ್ನೇ ತೆಗೆದಿರಲಿಲ್ಲ.

"ಅವ್ಳನ್ನ ಕೇಳ್ದೆ ನಾನು ಎಂತದ್ನೂ ಮಾಡಿಲ್ಲ ಮಾರಾಯ್ತಿ" ಎಂದವರೇ ಕಾಗದ ಹಿಡಿದು ವಾರ್ಡಿನೊಳಗೆ ಹೋದರು. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ನಿಧಾನವಾಗಿ ಪೂರ್ತಿ ಓದಿದರು. ಸೊಟ್ಟ ಅಕ್ಷರದಲ್ಲಿ ತಮ್ಮ ಹೆಸರು ಬರೆದು, "ಈಗ ನೀವು ಹಾಕಿ" ಎಂದು ಪೆನ್ನು ಕೊಟ್ಟರು.

ಆಪರೇಷನ್ ಸುಸೂತ್ರವಾಗಿ ಆಯಿತು. ಚಿಕ್ಕಮ್ಮನನ್ನು ಹೊರಗೆ ತಂದಾಗ ಇನ್ನೂ ಎಚ್ಚರವಾಗಿರಲಿಲ್ಲ. ಚಿಕ್ಕಪ್ಪ ಹೊದಿಕೆ ಸರಿಮಾಡಲು ಹೋಗಿ ಅವರ ಪಾದ ಮುಟ್ಟಿದರು. ತಣ್ಣಗಿತ್ತೇನೋ. ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದು ಉಜ್ಜುತ್ತ ಕೂತರು. ಚಿಕ್ಕಮ್ಮ ಕಣ್ಣು ಬಿಡುವವರೆಗೂ ಆ ಕೈ ನಿಲ್ಲಲಿಲ್ಲ.