ಎಡ ಪೆಡಲಿನ ಎಡವಟ್ಟು

ನಮ್ಮ ಮನೆಯ ಸೈಕಲ್ಲಿಗೆ ಇನ್ನು ಮುಂದೆ ಅಂಗಡಿಯವರ ಕೈ ತಾಗಕೂಡದು, ಅದರ ಸಕಲ ಸೇವೆಯೂ ನನ್ನಿಂದಲೇ ನಡೆಯತಕ್ಕದ್ದು ಎಂದು ನಾನು ಘೋಷಿಸಿದ್ದು 2003ರ ಜೂನ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ, ಹೌನ್ಸ್ಲೋದ ನಮ್ಮ ಅಡುಗೆಮನೆಯಲ್ಲಿ ನಿಂತು. ಕೇಳುವವರು ಇಬ್ಬರಿದ್ದರು. ಹೆಂಡತಿ ಸ್ಫೂರ್ತಿ ಡಬ್ಬಿಗೆ ಚಪಾತಿ ತುಂಬುತ್ತಿದ್ದಳು. ಊರಿನಿಂದ ಬಂದು ಎರಡು ತಿಂಗಳಾಗಿದ್ದ ನಮ್ಮ ಅವ್ವ ರತ್ನವ್ವ ಚಹಾ ಸೋಸುತ್ತಿದ್ದಳು. ಇಬ್ಬರೂ ತಲೆ ಎತ್ತಲಿಲ್ಲ.

ಸೈಕಲ್ಲು ಸ್ಫೂರ್ತಿಯದು. ಮುಂದೆ ಬುಟ್ಟಿಯಿದ್ದ ಹಸಿರು ಬಣ್ಣದ ಲೇಡೀಸ್ ಸೈಕಲ್. ಕೌನ್ಸಿಲ್ ಕಚೇರಿಯ ಕೆಲಸಕ್ಕೆ ಅವಳು ದಿನಾ ಅದರ ಮೇಲೆಯೇ ಹೋಗುತ್ತಿದ್ದಳು. ಪೆಡಲುಗಳು ಸವೆದು, ತುಳಿದಾಗಲೆಲ್ಲ ಕಿರುಚಲು ಶುರುಮಾಡಿದ್ದವು. ಅಂಗಡಿಗೆ ಒಯ್ಯುತ್ತೇನೆಂದು ಅವಳು ಹೇಳಿದ್ದೇ ನನ್ನ ಘೋಷಣೆಗೆ ಕಾರಣ. ನಾನು ಹೀಥ್ರೋ ವಿಮಾನ ನಿಲ್ದಾಣದಲ್ಲಿ ಸರಕು ಸಾಗಣೆಯ ಕಂಪನಿಯೊಂದರಲ್ಲಿದ್ದೆ; ಅಂದು ನನಗೆ ರಜೆ. ನೈರೋಬಿಯ ಹೂವಿನ ಪೆಟ್ಟಿಗೆ ಈ ಗಳಿಗೆಯಲ್ಲಿ ಯಾವ ವಿಮಾನದ ಹೊಟ್ಟೆಯಲ್ಲಿದೆ ಎಂದು ಕುರ್ಚಿ ಬಿಟ್ಟೇಳದೆ ಹೇಳುವವನಿಗೆ ಎರಡು ಪೆಡಲು ಬದಲಿಸುವುದು ಯಾವ ದೊಡ್ಡ ಮಾತು? ಈವತ್ತೊಂದು ದಿನ ಬಸ್ಸಿನಲ್ಲಿ ಹೋಗು, ಸಂಜೆ ಬಂದು ನಿನ್ನ ಸೈಕಲ್ಲಿನ ಗುರುತು ಹಿಡಿ ನೋಡೋಣ ಎಂದು ಅವಳನ್ನು ಕಳಿಸಿಕೊಟ್ಟೆ. ಅವ್ವ ಪಾರ್ಕಿಗೆ ಅಡ್ಡಾಡಲು ಹೋದಳು.

ಬಲಗಡೆಯ ಹಳೆಯ ಪೆಡಲು ಎರಡೇ ನಿಮಿಷಕ್ಕೆ ಬಿಚ್ಚಿಕೊಂಡಿತು. ಎಡಗಡೆಯದು ಜಪ್ಪಯ್ಯ ಎನ್ನಲಿಲ್ಲ. ಪಾನಾ ಹಾಕಿ ತಿರುವಿದೆ, ಪಾನಾದ ಮೇಲೆ ನಿಂತೆ, ಕಡೆಗೆ ಬಾಗಿಲ ಚೌಕಟ್ಟು ಹಿಡಿದು ಅದರ ಮೇಲೆ ಕುಣಿದೆ. ಎಡ ಪೆಡಲಿನ ಥ್ರೆಡ್ ಉಲ್ಟಾ ಸುತ್ತಿರುತ್ತದೆ, ಬಿಚ್ಚುತ್ತಿದ್ದೇನೆ ಎಂದುಕೊಂಡು ನಾನು ಅದನ್ನು ಒಂದು ತಾಸಿನಿಂದ ಬಿಗಿಮಾಡುತ್ತಿದ್ದೇನೆ ಎಂಬುದು ನನಗೆ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ ಪಾನಾವನ್ನು ಆಚೆ ತಳ್ಳಿದಾಗ ತಾನೇ ಸಡಿಲಾಯಿತು. ಗೆದ್ದೆ ಎಂದುಕೊಂಡೆ.

ತಂದಿಟ್ಟಿದ್ದ ಹೊಸ ಜೋಡಿಯಲ್ಲಿ ಕೈಗೆ ಸಿಕ್ಕ ಪೆಡಲು ಎಡಗಡೆಯ ತೂತಿನೊಳಗೆ ಹೋಗಲು ಒಪ್ಪಲಿಲ್ಲ. ಹೊಸ ಸಾಮಾನು, ಸ್ವಲ್ಪ ಬಿಗಿ ಇರುತ್ತದೆ ಎಂದು ಸಮಾಧಾನ ಹೇಳಿಕೊಂಡು ಮೈಯ ಭಾರವನ್ನೆಲ್ಲ ಹಾಕಿ ತಿರುವಿದೆ. ಬೆಳ್ಳಿಯಂತೆ ಹೊಳೆಯುವ ಸಣ್ಣ ಸಣ್ಣ ಸುರುಳಿಗಳು ನೆಲಕ್ಕೆ ಬಿದ್ದವು. ನೋಡಲು ಚೆನ್ನಾಗಿದ್ದವು. ಅರ್ಧ ಹೋದ ಮೇಲೆ ಪೆಡಲಿನ ತುದಿಯಲ್ಲಿ ಕೆತ್ತಿದ ಅಕ್ಷರ ಕಣ್ಣಿಗೆ ಬಿತ್ತು. ಆರ್. ಬಲಗಡೆಯದು.

ಬಿಚ್ಚಿ ತೆಗೆದು, ಎಲ್ ಎಂದು ಬರೆದದ್ದನ್ನು ಇಟ್ಟೆ. ತಿರುವುವ ಅಗತ್ಯವೇ ಬೀಳಲಿಲ್ಲ. ಲೋಟದಲ್ಲಿ ಚಮಚ ಇಟ್ಟ ಹಾಗೆ ಸಲೀಸಾಗಿ ಒಳಗೆ ಹೋಯಿತು, ಹಾಗೆಯೇ ಹೊರಗೆ ಬಂತು. ಪೆಡಲನ್ನು ಹಿಡಿದುಕೊಳ್ಳುವ ಅಲ್ಯೂಮಿನಿಯಮ್ ಕೋಲಿನ ಥ್ರೆಡ್ಡುಗಳನ್ನೆಲ್ಲ ನಾನು ಕೆರೆದು ನೆಲದ ಮೇಲೆ ಹರವಿಬಿಟ್ಟಿದ್ದೆ.

ಮರ್ಯಾದಸ್ಥನಾಗಿದ್ದರೆ ಆಗಲೇ ಅಂಗಡಿಗೆ ಓಡುತ್ತಿದ್ದೆ. ನಾನು ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಪೆಡಲಿಗೆ ಸುತ್ತಿ, ಎರಡು ಟ್ಯೂಬಿನ ಅಂಟು ಕಲಸಿ, ತೂತಿಗೆ ಮೆತ್ತಿ ಕೂರಿಸಿದೆ. ಶನಿವಾರ ನನಗೆ ಅರ್ಧ ದಿನದ ಪಾಳಿ. ಮಧ್ಯಾಹ್ನ ಬಂದವನೇ ಯಾರಿಗೂ ಹೇಳದೆ ಸೈಕಲ್ಲನ್ನು ತಳ್ಳಿಕೊಂಡು ಹೋಗಿ ರಿಪೇರಿ ಮಾಡಿಸಿಬಿಟ್ಟರಾಯಿತು. ಸೋಮವಾರದವರೆಗೆ ಅದರ ಮೇಲೆ ಯಾರು ಕೂರುತ್ತಾರೆ?

ಸಂಜೆ ಸ್ಫೂರ್ತಿ ಬಂದು ಕಾಲಿನಿಂದ ಪೆಡಲನ್ನು ಮೆಲ್ಲಗೆ ಒತ್ತಿ ನೋಡಿದಳು. ಗ್ರೀಸು ಇನ್ನೂ ಒಣಗಬೇಕು, ಈಗ ತುಳಿಯಬೇಡ ಎಂದೆ. ಗ್ರೀಸು ಒಣಗುವ ವಸ್ತುವಲ್ಲ. ಸ್ಫೂರ್ತಿ ಹೂಂ ಎಂದು ಒಳಗೆ ಹೋದಳು. ಅವ್ವ ಮಾತ್ರ ಚಷ್ಮಾದ ಮೇಲಿಂದ ಒಮ್ಮೆ ನನ್ನನ್ನು, ಒಮ್ಮೆ ಸೈಕಲ್ಲನ್ನು ನೋಡಿದಳು.

ಶನಿವಾರ ಮಧ್ಯಾಹ್ನ ಬಾಗಿಲು ತೆಗೆದರೆ ಸೈಕಲ್ ನಿಲ್ಲಿಸುವ ಜಾಗ ಖಾಲಿ ಇತ್ತು.

"ಸೈಕಲ್ ಎಲ್ಲೈತಿ?" ಎಂದು ಕೇಳಿದೆ.

"ಅತ್ತಿ ತಗೊಂಡ ಹೋಗ್ಯಾರ," ಎಂದಳು ಸ್ಫೂರ್ತಿ, ಬಟ್ಟೆ ಮಡಚುತ್ತ. "ಸೌತ್‌ಹಾಲ್‌ದಾಗ ಮೆಂತೆ ಪಲ್ಯ ಚೊಲೋ ಸಿಗತೈತಂತ. ಹೋಗಿ ಅರ್ಧಾ ತಾಸಾತು."

ನಮ್ಮ ಅವ್ವನ ಬಗ್ಗೆ ಎರಡು ಮಾತು ಹೇಳಬೇಕು. ಬೈಲಹೊಂಗಲದ ಕಡೆ ಇಪ್ಪತ್ತೆಂಟು ವರ್ಷ ಹಳ್ಳಿಯಿಂದ ಹಳ್ಳಿಗೆ ಸೈಕಲ್ ಮೇಲೆ ಹೋಗಿ ಮಕ್ಕಳಿಗೆ ಲಸಿಕೆ ಹಾಕಿದ ನರ್ಸಬಾಯಿ ಆಕೆ. ಅರವತ್ತೆರಡು ದಾಟಿದರೂ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳೆಂದರೆ ನಿಧಾನ ಎಂಬುದು ಗೊತ್ತಿಲ್ಲ. ಸೌತ್‌ಹಾಲ್‌ಗೆ ನಮ್ಮ ಜೊತೆ ಬಸ್ಸಿನಲ್ಲಿ ಹತ್ತು ಸಲ ಹೋಗಿ ದಾರಿಯನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು. ಆ ದಾರಿಯಲ್ಲಿ ಮೋಟರ್‌ವೇ ಮೇಲಿನ ಸೇತುವೆಯಿತ್ತು, ಕಾಲುವೆಯ ಸೇತುವೆಯಿತ್ತು, ಹಿಂದೆ ಮುಂದೆ ಲಾರಿಗಳಿದ್ದವು. ಅವಳ ಎಡಗಾಲಿನ ಕೆಳಗೆ ನನ್ನ ಅಂಟು ಇತ್ತು.

ನಾನೂ ಒಂದಿಷ್ಟು ಅಡ್ಡಾಡಿ ಬರುತ್ತೇನೆ ಎಂದು ಹೇಳಿ ಓಡಿದೆ. ಅಡ್ಡಾಡಲು ಹೋಗುವವರು ಹಾಗೆ ಓಡುವುದಿಲ್ಲ ಎಂಬುದು ಆಮೇಲೆ ಹೊಳೆಯಿತು.

120ನೇ ನಂಬರಿನ ಡಬಲ್ ಡೆಕರ್ ಬಸ್ಸಿನ ಮಾಳಿಗೆ ಹತ್ತಿ, ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ ಕೂತು ರಸ್ತೆಯನ್ನೇ ನೋಡುತ್ತ ಹೋದೆ. ದೂರದಲ್ಲಿ ಸೈರನ್ ಕೇಳಿದಾಗಲೆಲ್ಲ ಸೀಟಿನಿಂದ ಎದ್ದು ನಿಂತು ನೋಡುತ್ತಿದ್ದೆ. ಹೆಸ್ಟನ್ ದಾಟಿತು. ಮೋಟರ್‌ವೇ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಕಣ್ಣು ಮುಚ್ಚಿಕೊಂಡೆ. ಜಗತ್ತಿನ ಯಾವ ಪೆಟ್ಟಿಗೆ ಎಲ್ಲಿದೆ ಎಂದು ಹೇಳಬಲ್ಲವನಿಗೆ ಹೆತ್ತ ತಾಯಿ ಎಲ್ಲಿದ್ದಾಳೆ ಎಂದು ಗೊತ್ತಿರಲಿಲ್ಲ.

ನಾರ್ವುಡ್ ಗ್ರೀನ್ ದಾಟಿ ಕಾಲುವೆ ಹತ್ತಿರವಾಗುವಾಗ ಪಾದಚಾರಿ ದಾರಿಯ ಅಂಚಿನಲ್ಲಿ ಏನೋ ಹೊಳೆಯಿತು. ಗಂಟೆ ಒತ್ತಿ, ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ಓಡಿದೆ. ಹೊಸ ಪೆಡಲು. ಅದರ ಕೊರಳಿಗೆ ನನ್ನ ಬಿಳಿ ಟೇಪು. ಟೇಪಿನ ಮೇಲೆ ಸೂಜಿಮೊನೆಯಷ್ಟು ರಕ್ತ.

ನಾಯಿ ಹಿಡಿದು ನಿಂತಿದ್ದ ಮುದುಕನೊಬ್ಬನನ್ನು ಕೇಳಿದೆ. ಹೌದು, ಸೀರೆಯುಟ್ಟ ಹೆಂಗಸೊಬ್ಬಳು ಬಿದ್ದಿದ್ದಳು ಎಂದ. ಆ ಗೋಡೆಯ ಮೇಲೆ ಕೂತಿದ್ದಳಂತೆ, ಕೈಯಿಂದ ರಕ್ತ ಬರುತ್ತಿತ್ತಂತೆ, ಬಿಳಿಯ ವ್ಯಾನೊಂದು ಬಂದು ಅವಳನ್ನೂ ಸೈಕಲ್ಲನ್ನೂ ಹಾಕಿಕೊಂಡು ಹೋಯಿತಂತೆ. ಆಂಬುಲೆನ್ಸೇ ಎಂದು ಕೇಳಿದೆ. ಬಿಳಿ ಇತ್ತು, ಇನ್ನು ಹೆಚ್ಚಿಗೆ ಗೊತ್ತಿಲ್ಲ, ಕನ್ನಡಕ ಮನೆಯಲ್ಲಿದೆ ಎಂದ.

ಆಸ್ಪತ್ರೆಗೆ ಹೇಗೆ ಹೋದೆನೋ ನೆನಪಿಲ್ಲ. ಎಮರ್ಜೆನ್ಸಿಯ ಸಾಲಿನಲ್ಲಿ ಮುಕ್ಕಾಲು ತಾಸು ನಿಂತಿದ್ದು ನೆನಪಿದೆ. ಕಿಟಕಿಯ ಹಿಂದಿನ ಹೆಂಗಸು ರೋಗಿಯ ಹುಟ್ಟಿದ ತಾರೀಖು ಕೇಳಿದಳು. ಶಾಲೆಗೆ ಸೇರಿಸುವಾಗ ಮಾಸ್ತರು ಬರೆದ ಜೂನ್ ಒಂದು ಬಿಟ್ಟರೆ ನಮ್ಮ ಅವ್ವನಿಗೆ ಬೇರೆ ತಾರೀಖಿಲ್ಲ, ಅದನ್ನೇ ಹೇಳಿದೆ. ಕೈಯಲ್ಲಿರುವುದೇನು ಎಂದಳು. ಪೆಡಲು ಎಂದೆ. ಅವಳು ಏನನ್ನೋ ಬರೆದುಕೊಂಡು, ಆ ಹೆಸರಿನವರು ಯಾರೂ ಬಂದಿಲ್ಲ, ಅಲ್ಲಿ ಕೂತಿರಿ ಎಂದಳು. ಬಂದಿಲ್ಲ ಎಂದರೆ ಬೇರೆ ಆಸ್ಪತ್ರೆಗೆ ಒಯ್ದಿದ್ದಾರೆ. ಬೇರೆಡೆಗೆ ಒಯ್ದಿದ್ದಾರೆ ಎಂದರೆ ಇಲ್ಲಿ ಆಗದಷ್ಟು ದೊಡ್ಡ ಪೆಟ್ಟು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಊರಿನಲ್ಲಿರುವ ಅಕ್ಕನಿಗೆ ಯಾವ ಮಾತಿನಿಂದ ಶುರುಮಾಡಲಿ ಎಂದು ಯೋಚಿಸತೊಡಗಿದೆ.

ಆಗ ಮೊಬೈಲ್ ರಿಂಗಾಯಿತು. ಸ್ಫೂರ್ತಿ.

ಅವಳಿಗೆ ಬಾಯಿ ತೆರೆಯಲು ಬಿಡಲಿಲ್ಲ. ಬಲಗಡೆಯ ಪೆಡಲನ್ನು ಎಡಕ್ಕೆ ತುರುಕಿದ್ದು, ಥ್ರೆಡ್ಡೆಲ್ಲ ಕೆರೆದುಹೋದದ್ದು, ಟೇಪು, ಅಂಟು, ಒಣಗಬೇಕಾದ ಗ್ರೀಸು ಎಲ್ಲವನ್ನೂ ಹೇಳಿದೆ. ಅವ್ವನನ್ನು ನಾನೇ ಬೀಳಿಸಿದೆ, ಎಲ್ಲಿಗೆ ಒಯ್ದಿದ್ದಾರೋ ಗೊತ್ತಿಲ್ಲ ಎಂದು ಹೇಳುವಾಗ ಅತ್ತೇಬಿಟ್ಟೆ. ಪಕ್ಕದ ಕುರ್ಚಿಯಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡಿದ್ದವನು ತನ್ನ ಕರವಸ್ತ್ರ ಕೊಟ್ಟ.



"ಅತ್ತಿ ಇಲ್ಲೇ ಕುಂತು ಮೆಂತೆ ಸೋಸಾಕತ್ಯಾರ," ಎಂದಳು ಸ್ಫೂರ್ತಿ ಕಡೆಗೆ. "ಬರೂಮುಂದ ಮೊಸರು ತಗೊಂಡ ಬರ್ರಿ ಅಂತ ಹೇಳಾಕ ನಾ ಫೋನ್ ಮಾಡಿದ್ದೆ."

ಮನೆಗೆ ಬಂದೆ. ಅವ್ವ ಕುರ್ಚಿಯಲ್ಲಿ ಕೂತಿದ್ದಳು. ಅಂಗೈಗೆ ತಾನೇ ಕಟ್ಟಿಕೊಂಡ ಪಟ್ಟಿ, ಸೀರೆಯ ಅಂಚು ಗೇಣುದ್ದ ಹರಿದಿತ್ತು. ಕಾಲು ಹಿಡಿದುಕೊಂಡು ಕೂತುಬಿಟ್ಟೆ. ಆಕೆ ನನ್ನ ತಲೆಯ ಮೇಲೆ ಕೈಯಿಟ್ಟು, ಚಹಾ ಕುಡಿಯುತ್ತೀಯೇನೋ ನಿತ್ಯಾ ಎಂದಳು.

ಬಿಳಿಯ ವ್ಯಾನು ಸೌತ್‌ಹಾಲ್‌ನ ಸೈಕಲ್ ಅಂಗಡಿಯ ಜಾಗೀರ್ ಸಿಂಗನದಂತೆ. ಆತ ಆಕೆಯನ್ನು ಅಂಗಡಿಗೆ ಕರೆದೊಯ್ದು ಕೂರಿಸಿ, ಕೆಟ್ಟ ತೂತನ್ನು ಕೊರೆದು ದೊಡ್ಡದು ಮಾಡಿ, ಹೊಸ ಥ್ರೆಡ್ ಇರುವ ಉಕ್ಕಿನ ಬಳೆಯೊಂದನ್ನು ಒಳಗೆ ಕೂರಿಸಿ, ಬೇರೆ ಪೆಡಲು ಬಿಗಿದನಂತೆ. ಇದು ಮೊದಲಿಗಿಂತ ಗಟ್ಟಿ ಎಂದನಂತೆ. ಅವ್ವ ಮೆಂತೆ ಕೊಂಡು, ಅದೇ ಸೈಕಲ್ ತುಳಿಯುತ್ತ, ಅದೇ ಎರಡು ಸೇತುವೆ ದಾಟಿ ಮನೆಗೆ ಬಂದಿದ್ದಳು.

ಸ್ಫೂರ್ತಿ ಚಹಾ ಇಡಲು ಒಳಗೆ ಹೋದ ಕೂಡಲೇ ಅವ್ವ ದನಿ ತಗ್ಗಿಸಿದಳು. ನಿತ್ಯಾ ಹಾಕಿದ ಪೆಡಲು ಭದ್ರವಾಗಿಯೇ ಇತ್ತು, ತಾನೇ ಅದನ್ನು ಕಲ್ಲಿಗೆ ಬಡಿಸಿ ಮುರಿದೆ ಎಂದು ಆಕೆ ಸೊಸೆಯ ಮುಂದೆ ಹೇಳಿದ್ದಳಂತೆ. ಸೊಸೆ ನಂಬಿಯೂ ಇದ್ದಳಂತೆ. ನಾನು ಫೋನಿನಲ್ಲಿ ಎಷ್ಟು ಹೇಳಿದೆ ಎಂದು ಕೇಳಿದಳು. ಎಲ್ಲ ಹೇಳಿದೆ ಎಂದೆ.

"ಅಂಟಿಂದೂ?"

"ಅಂಟಿಂದೂ."

ಅವ್ವ ನಿಟ್ಟುಸಿರು ಬಿಟ್ಟಳು. "ಇನ್ನ ಮ್ಯಾಲೆ ಏನರ ಮುರದಿ ಅಂದ್ರ ಮೊದಲ ನನಗ ಹೇಳೋ ನಿತ್ಯಾ. ಇಬ್ಬರೂ ಕೂಡಿ ಒಂದ ಸುಳ್ಳ ಹೇಳೂಣು."

"ಕೇಳಸ್ತೈತ್ರಿ ಅತ್ತಿ," ಎಂದಳು ಸ್ಫೂರ್ತಿ ಅಡುಗೆಮನೆಯಿಂದ.